ಬಿಲ್ಲಿಗೆ ಒಂದೊಂದು ರಾಜ್ಯದ ಅಳತೆಗೋಲು

ಈ ಪ್ರಸಂಗ ನಡೆದದ್ದು ೨೦೧೫ರಲ್ಲಿ ಎಂದು ನನ್ನ ನೆನಪು ಹೇಳುತ್ತಿತ್ತು. ಶಾಸನಗಳ ಕಾಲನಿರ್ಣಯದಲ್ಲೇ ಉದ್ಯೋಗದ ವರ್ಷಗಳನ್ನು ಕಳೆದವಳಿಗೆ ನೆನಪಿನ ಮಾತನ್ನು ಹಾಗೆಯೇ ನಂಬುವುದು ಕಷ್ಟ. ಪಂಚಾಂಗ ತೆಗೆದು ನೋಡಿದೆ. ಆ ವರ್ಷ ಮಹಾನವಮಿ ಬಿದ್ದದ್ದು ಅಕ್ಟೋಬರಿನ ಉತ್ತರಾರ್ಧದಲ್ಲಿ. ಅಷ್ಟು ಹೊತ್ತಿಗೆ ವರ್ಜೀನಿಯಾದ ಆಲ್ಡಿ ಊರಿನ ಮೇಪಲ್ ಮರಗಳು ಕೆಂಪಾಗಿರಬೇಕು. ನನ್ನ ಕಣ್ಣಲ್ಲಿ ಉಳಿದಿರುವ ಆಯುಧಪೂಜೆಯ ಸಂಜೆಯಲ್ಲಿ ಅವು ಹಸಿರಾಗಿಯೇ ಇವೆ. ಹಾಗಾದರೆ ಅದು ೨೦೧೪. ಆ ಸಲದ ಮಹಾನವಮಿ ಅಕ್ಟೋಬರಿನ ಆರಂಭದಲ್ಲೇ ಬಂದಿತ್ತು.

ಅಲ್ಲಿನ ಮಗಳ ಮನೆಯಲ್ಲಿ ಬೊಂಬೆ ಕೂರಿಸಿದ್ದೆವು. ಬೊಂಬೆಗಳ ಮುಂದೆ ಲ್ಯಾಪ್‌ಟಾಪ್, ಕಾರಿನ ಕೀಲಿ, ಅಡುಗೆಮನೆಯ ಚಾಕು, ನನ್ನ ಭೂತಗನ್ನಡಿ. ಸಂಜೆ ಬಂದವರಲ್ಲಿ ಮಗಳ ಆಫೀಸಿನ ಹಿರಿಯ ಎಂಜಿನಿಯರೊಬ್ಬರಿದ್ದರು. ಹತ್ತಿರದ ಶ್ಯಾಂಟಿಲಿಯಲ್ಲಿ ವಾಸ, ಮೂಲತಃ ಸುರಪುರದ ಕಡೆಯ ಬೇಡರ ಮನೆತನದವರು. ಬಟ್ಟೆಯಲ್ಲಿ ಸುತ್ತಿದ ಆಳೆತ್ತರದ ವಸ್ತುವೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತರು.

“ಮೇಡಂ, ಇದನ್ನೂ ಪೂಜಿಗೆ ಇಡಬಹುದೇನ್ರಿ?”

ಬಟ್ಟೆ ಬಿಚ್ಚಿದರೆ ಬಿಲ್ಲು. ಹಿಕರಿ ಎಂಬ ಅಲ್ಲಿನ ಗಟ್ಟಿ ಮರದಲ್ಲಿ ಅವರೇ ಕೆತ್ತಿದ್ದಂತೆ. ಮಗಳು ನನ್ನ ಕಿವಿಯಲ್ಲಿ, “ಅಮ್ಮಾ, ಇದು ಶೋಕೇಸ್ ಪೀಸಾ, ನಿಜವಾಗ್ಲೂ ಯೂಸ್ ಮಾಡ್ತಾರಾ?” ಎಂದು ಪಿಸುಗುಟ್ಟಿದಳು. ಅದು ಅವರಿಗೂ ಕೇಳಿಸಿತು.

“ಯೂಸ್ ಮಾಡ್ತೀನವ್ವ. ನಿಮ್ಮ ಹಿತ್ತಲಕ್ಕ ಬರ್ತಾವಲ್ಲ ಜಿಂಕಿ, ಅವನ್ನ ಕೇಳಿ ನೋಡು.”

“ಹಾಗಾದ್ರೆ ನನ್ನ ಗುಲಾಬಿ ಗಿಡ ಪೂರ್ತಿ ಫಿನಿಶ್ ಮಾಡಿರೋ ಜಿಂಕೆಯಿಂದಾನೇ ಸ್ಟಾರ್ಟ್ ಮಾಡಿ, ಅಂಕಲ್!”

ವೀರಗಲ್ಲುಗಳ ಮೇಲೆ ನಾನು ಕಂಡ ಬಿಲ್ಲುಗಳಿಗೆ ಲೆಕ್ಕವಿಲ್ಲ. ಮುಟ್ಟಿದ್ದು ಮಾತ್ರ ಅಂದೇ ಮೊದಲು. ಕುಂಕುಮವಿಡುವಾಗ ಅದರ ನಡುವಿನ ಹಿಡಿ ಬೆಚ್ಚಗಿತ್ತು.

ಎಲ್ಲರೂ ಹೊರಟ ಮೇಲೆ ಅವರು ಉಳಿದು ತಮ್ಮ ಚಿಂತೆಯನ್ನು ಹೇಳಿದರು. ಅಮೆರಿಕಕ್ಕೆ ಬಂದ ಹೊಸತರಲ್ಲಿ ಅವರು ಉತ್ತರ ಕ್ಯಾರೊಲೈನಾದಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿನ ಸಹೋದ್ಯೋಗಿಯೊಬ್ಬರಿಗೆ ಸ್ವಂತ ಕಾಡಿತ್ತು. ಪ್ರತಿ ಅಕ್ಟೋಬರಿನಲ್ಲಿ ಇಬ್ಬರೂ ಅಲ್ಲಿ ಬಿಲ್ಲಿನ ಬೇಟೆಗೆ ಹೋಗುವುದು ವಾಡಿಕೆ. ಈ ಹಂಗಾಮು ಮುಗಿದರೆ ಕಾಡು ಮಾರಾಟವಾಗುತ್ತದೆ. ಇವರಿಗೋ ಹಿಂದಿನ ಚಳಿಗಾಲದಲ್ಲಿ ಭುಜದ ಶಸ್ತ್ರಚಿಕಿತ್ಸೆ ಆಗಿ ಹಳೆಯ ಬಿಲ್ಲನ್ನು ಎಳೆಯುವ ಶಕ್ತಿ ಇಲ್ಲವಾಗಿದೆ. ಎಳೆಯಲು ಹಗುರವಾದ ಈ ಬಿಲ್ಲನ್ನು ಆ ಕೊನೆಯ ಬೇಟೆಗೆಂದೇ ಕೆತ್ತಿದ್ದರು.

“ವರ್ಜೀನಿಯಾದಾಗ ನಡೀತದ. ಅಲ್ಲಿನ ಕಾಯ್ದೆದಾಗ ನಡೀತದೋ ಇಲ್ಲೋ, ನೀವು ಓದಿ ಹೇಳ್ರಿ. ನಾ ಓದಿದ್ರ ನನಗ ಬೇಕಾದ ಅರ್ಥಾನೇ ಬರ್ತದ.”

ಸಂಶೋಧಕರಲ್ಲೂ ಇಷ್ಟು ಸ್ಪಷ್ಟ ಆತ್ಮಜ್ಞಾನ ಅಪರೂಪ. ನಾನು ಒಪ್ಪಿಕೊಂಡೆ.

ಮರುದಿನ ಹೋಲಿಸಿ ನೋಡಲೆಂದು ನಾಲ್ಕು ರಾಜ್ಯಗಳ ಬೇಟೆಯ ನಿಯಮಗಳನ್ನು ತೆರೆದು ಕುಳಿತೆ. ಮೊದಲು ನೋಡಿದ್ದು ಪ್ರತಿಯೊಂದೂ ಯಾವ ಹಂಗಾಮಿಗೆ ಸಲ್ಲುತ್ತದೆ ಎಂಬುದನ್ನು. ಹುಡುಕಾಟದಲ್ಲಿ ಮೊದಲು ಸಿಕ್ಕದ್ದು ಹಿಂದಿನ ಹಂಗಾಮಿನದಾಗಿತ್ತು, ಬದಿಗಿಟ್ಟೆ. ಬಳಿಕ ಓದುತ್ತ ಹೋದಂತೆ ನನ್ನ ಕುತೂಹಲ ಬೇರೆ ದಾರಿ ಹಿಡಿಯಿತು. ವರ್ಜೀನಿಯಾ ಬಿಲ್ಲಿನ ಎಳೆತದ ತೂಕವನ್ನೇ ಕೇಳುವುದಿಲ್ಲ. ಅಗಲ ಮೊನೆಯ ಬಾಣವನ್ನು ಅದು ನೂರ ಇಪ್ಪತ್ತೈದು ಗಜ ದೂರ ಎಸೆಯಬಲ್ಲುದೇ ಎಂದು ಕೇಳುತ್ತದೆ. ಪೊಟೊಮ್ಯಾಕ್ ನದಿ ದಾಟಿ ಮೇರಿಲ್ಯಾಂಡಿಗೆ ಹೋದರೆ ದೂರದ ಮಾತಿಲ್ಲ. ಅಲ್ಲಿ ಹೆದೆಯನ್ನು ಎಳೆಯಲು ಎಷ್ಟು ಪೌಂಡ್ ಬಲ ಬೇಕು ಎಂಬುದೇ ಅಳತೆ. ಉತ್ತರ ಕ್ಯಾರೊಲೈನಾವೂ ಎಳೆತವನ್ನೇ ಅಳೆಯುತ್ತದೆ, ಆದರೆ ಬಿಲ್ಲಿನ ಜಾತಿ ನೋಡಿ: ಸಾದಾ ಮರದ ಬಿಲ್ಲಿಗೆ ಹೆಚ್ಚಿನ ಕನಿಷ್ಠ, ತುದಿಗಳಿಗೆ ರಾಟೆ ಜೋಡಿಸಿದ ಆಧುನಿಕ ಬಿಲ್ಲಿಗೆ ಕಡಿಮೆ. ಜಾರ್ಜಿಯಾದ ಪುಟಗಳಲ್ಲಿ ಎಳೆತದ ತೂಕದ ಪ್ರಸ್ತಾಪವೇ ನನಗೆ ಸಿಗಲಿಲ್ಲ. ನಮ್ಮ ದಾನಶಾಸನಗಳಲ್ಲಿ ಭೂಮಿ ಅಳೆಯುವ ಕೋಲು ಒಂದೊಂದು ಸೀಮೆಯಲ್ಲಿ ಒಂದೊಂದು ಉದ್ದ ಇರುತ್ತಿತ್ತು. ಆದರೆ ಉದ್ದ ಬೇರೆಯಾದರೂ ಎಲ್ಲ ಕಡೆ ಅಳೆಯುತ್ತಿದ್ದುದು ಭೂಮಿಯನ್ನೇ. ಇಲ್ಲಿ ಒಂದು ರಾಜ್ಯ ಬಾಣವನ್ನು ಅಳೆಯುತ್ತದೆ, ಇನ್ನೊಂದು ತೋಳನ್ನು.

ಶನಿವಾರ ಅವರನ್ನು ಬಿಲ್ಲಿನೊಡನೆ ಕರೆಸಿದೆ. ತೂಗುವುದಕ್ಕೆ ಏನು ಮಾಡುವುದೆಂದು ಅವರು ಯೋಚಿಸುತ್ತಿರುವಾಗಲೇ, ಬೆಂಗಳೂರಿಗೆ ಹೊರಡುವಾಗ ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿಯನ್ನು ಮಗಳು ತಂದುಕೊಟ್ಟಳು. ಗರಾಜಿನಲ್ಲಿ ಸೈಕಲ್ ನೇತುಹಾಕುವ ಕೊಕ್ಕೆಗೆ ಬಿಲ್ಲಿನ ಹಿಡಿಯನ್ನು ಸಿಕ್ಕಿಸಿ, ಹೆದೆಗೆ ತಕ್ಕಡಿ ಹಾಕಿ, ಅವರು ಎರಡೂ ಕೈಯಿಂದ ಕೆಳಕ್ಕೆ ಎಳೆದರು. ಬಿಲ್ಲುಗಾರರು ತೂಕ ಹೇಳುವ ವಾಡಿಕೆಯ ಎಳೆತ ಇಪ್ಪತ್ತೆಂಟು ಇಂಚಂತೆ. ಟೇಪು ಅಲ್ಲಿಗೆ ಮುಟ್ಟಿದಾಗ ತಕ್ಕಡಿ ತೋರಿಸಿದ ಅಂಕಿ ಉತ್ತರ ಕ್ಯಾರೊಲೈನಾದ ಕನಿಷ್ಠಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು.

“ಪಾಸಾತ್ರಿ!” ಎಂದರು. ಭುಜದ ನೋವು ಮರೆತು ನಗುತ್ತಿದ್ದರು.

“ಒಂದು ನಿಮಿಷ. ಈಗ ಬೇಟೆಯಲ್ಲಿ ಎಳೆಯುವ ಹಾಗೆ ಎಳೆದು ತೋರಿಸಿ.”

ಬಾಣ ಹೂಡಿ, ಹಿತ್ತಲ ಬೇಲಿಯ ಕಡೆ ಮುಖಮಾಡಿ ಅವರು ಹೆದೆಯನ್ನು ಎಳೆದು ಹಿಡಿದರು. ಬಾಣದ ಮೇಲೆ ನಾನು ಮೊದಲೇ ಪೆನ್ಸಿಲಿನಲ್ಲಿ ಇಂಚುಗಳನ್ನು ಗುರುತಿಸಿದ್ದೆ. ಎಳೆತ ಇಪ್ಪತ್ತಾರಕ್ಕೇ ನಿಂತಿತ್ತು. ಭುಜ ಅದಕ್ಕಿಂತ ಹಿಂದಕ್ಕೆ ಹೋಗಲಿಲ್ಲ. ಆ ಉದ್ದಕ್ಕೆ ಮತ್ತೆ ತೂಗಿದೆವು. ಈಗ ಅಂಕಿ ಕನಿಷ್ಠಕ್ಕಿಂತ ಸ್ಪಷ್ಟವಾಗಿ ಕೆಳಗಿತ್ತು.

ಮತ್ತೆ ನಿಯಮದ ವಾಕ್ಯಕ್ಕೆ ಮರಳಿದೆ. ಕನಿಷ್ಠ ಎಳೆತ ಇಷ್ಟು ಎಂದಿತ್ತು. ಎಷ್ಟು ಇಂಚಿಗೆ ಎಂಬ ಮಾತು ನಾನು ಓದಿದ ಪುಟದಲ್ಲಿರಲಿಲ್ಲ. ಬಿಲ್ಲಿನ ಬಲವೋ, ಬಿಲ್ಲುಗಾರನ ಬಲವೋ? ಎರಡು ಅರ್ಥಗಳಿಗೂ ಆಧಾರವಿದೆ, ಯಾವುದನ್ನೂ ನಿರ್ಣಯಿಸಲಾರೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ.

“ಅಂದ್ರೆ ಲೂಪ್‌ಹೋಲ್ ಇದೆ ಅಂಕಲ್,” ಎಂದಳು ಮಗಳು. “ನಿಮ್ಮ ಬಿಲ್ಲು ಲೀಗಲ್ಲೇ. ಯಾರು ಚೆಕ್ ಮಾಡ್ತಾರೆ ನಿಮ್ಮ ಭುಜಾನ?”

ಅವರು ಹೆದೆಯನ್ನು ಬೆರಳಿನಿಂದ ಮಿಡಿದರು.

“ಯಾರೂ ಮಾಡಂಗಿಲ್ಲವ್ವ. ಆದ್ರ ಬಾಣ ಬಿಡೋದು ನನ್ನ ಭುಜ. ಬಲ ಕಡಿಮಿ ಬಿದ್ರ ಬಾಣ ಮೈಯಾಗ ಅರ್ಧಕ್ಕ ಸಿಗಬಿದ್ದು, ಜಿಂಕಿ ಎರಡು ದಿನ ನರಳಿ ಎಲ್ಲೋ ಹೋಗಿ ಸಾಯ್ತದ. ಆ ಕಾಯ್ದೆ ಬರದದ್ದ ಅದರ ಸಲುವಾಗಿ.” ಬಿಲ್ಲಿನ ಹೆದೆಯನ್ನು ಇಳಿಸಿದರು. “ಅಲ್ಲಿನ ಗೆಳೆಯಾನ ಹತ್ರ ರಾಟಿ ಬಿಲ್ಲು ಇನ್ನೊಂದದ, ಅದನ್ನ ಈ ಭುಜಾನೂ ಎಳೀತದ. ಇಷ್ಟು ವರ್ಷ ಅದನ್ನ ನೋಡಿ ‘ಇದು ಬಿಲ್ಲಲ್ಲ, ಬಾವಿ ಗಡಗಡಿ’ ಅಂತ ಚಾಷ್ಟಿ ಮಾಡೀನ್ರಿ. ಈಗ ಅವನ ಪಾಳಿ, ಮಾಡ್ತಾನ.”

ರಾಟೆ ಇದ್ದರೆ ಕಡಿಮೆ ತೂಕ ಯಾಕೆ ಸಾಕು ಎಂದು ಕೇಳಿದೆ. ಹೊರಡುವ ಅವಸರದಲ್ಲಿದ್ದವರು ಮತ್ತೆ ಕುಳಿತರು. ಮರದ ಬಿಲ್ಲಿನಲ್ಲಿ ಬಲ ಕೊನೆಯ ಇಂಚಿನವರೆಗೆ ಏರುತ್ತಲೇ ಹೋಗುತ್ತದೆ, ಆ ಪೂರ್ತಿ ಭಾರವನ್ನು ಹೊತ್ತೇ ಗುರಿ ನೋಡಬೇಕು. ರಾಟೆಯ ಬಿಲ್ಲಿನಲ್ಲಿ ಬಲ ಬೇಗ ಏರಿ, ಬಹುದೂರ ಹಾಗೆಯೇ ನಿಂತು, ಕೊನೆಯಲ್ಲಿ ಇಳಿಯುತ್ತದೆ, ಹಾಗಾಗಿ ತೂಕ ಒಂದೇ ಇದ್ದರೂ ಬಾಣಕ್ಕೆ ಸಿಗುವುದು ಹೆಚ್ಚು ಎಂದು ಪೇಪರ್ ಟವೆಲ್ ಮೇಲೆ ಎರಡು ಗೆರೆ ಎಳೆದು ತೋರಿಸಿದರು. ಜಾತಿ ನೋಡಿ ಅಳೆಯುವ ರಾಜ್ಯದ ತರ್ಕ ನನಗೆ ಆಗ ತಿಳಿಯಿತು.

ಎರಡು ವಾರದ ಬಳಿಕ ಒಂದು ಸಂಜೆ ಆ ಕಾಡಿನಿಂದಲೇ ಫೋನ್ ಬಂತು.

“ಮೇಡಂ, ಒಂದ ಬಾಣಕ್ಕ ಜಿಂಕಿ ಸಿಕ್ತು. ನೀವು ಮಾಂಸ ಬಾಯಿಗೆ ಇಡೋರಲ್ಲ, ಗೊತ್ತದ. ಆದ್ರ ನಿಮಗ ಹೇಳಬೇಕನಿಸ್ತು. ಇಬ್ರೂ ಇಲ್ಲೇ ಮರದ ಬುಡಕ್ಕ ಕೂತೀವಿ. ಅವ ಗಡಗಡಿ ಅಂತ ಮುಂಜಾನಿಂದ ನಗಲಿಕತ್ಯಾನ.”

ಬಾಣ ಎಷ್ಟು ದೂರ ಹೋಯಿತು ಎಂದು ಕೇಳಿದೆ.

“ಅದಲ್ರಿ ಕೇಳೋದು. ಬಾಣ ಬಿದ್ದ ಮ್ಯಾಲ ಜಿಂಕಿ ಎಷ್ಟು ದೂರ ಓಡ್ತು ಅಂತ ಕೇಳ್ರಿ.”

“ಎಷ್ಟು ದೂರ?”

“ನಿಮ್ಮ ಬಾಗಿಲದಿಂದ ಓಣಿ ತುದೀಗೆ ಮೇಲ್‌ಬಾಕ್ಸ್ ಅದಲ್ರಿ, ಅಲ್ಲೀತನಕಾನೂ ಇಲ್ಲ.”

ಇದು ಯಾವ ರಾಜ್ಯದ ನಿಯಮದಲ್ಲೂ ನಾನು ಓದದಿದ್ದ ಅಳತೆ. ಮರುದಿನ ಬೆಳಗ್ಗೆ ಸ್ವೆಟರ್ ಹಾಕಿಕೊಂಡು ಬಾಗಿಲಿನಿಂದ ಮೇಲ್‌ಬಾಕ್ಸಿನ ಕಡೆಗೆ ಮೆಲ್ಲನೆ ನಡೆದೆ. ಅದನ್ನು ತಲುಪುವ ಮೊದಲೇ ನಿಂತು, ಜಿಂಕೆ ಓಡಿದ್ದು ಇಷ್ಟೇ ಎಂದು ಬಂದ ದಾರಿಯನ್ನು ತಿರುಗಿ ನೋಡಿದೆ.