ಟೆರೇಸಿನ ಮೇಲೆ ಒಮೆಗಾ ಸೆಂಟಾರಿ

“ಕಾಣ್ತು, ಕಾಣ್ತು” ಎಂದು ಒಬ್ಬೊಬ್ಬರಾಗಿ ಹೇಳಿದ ಆ ದನಿಗಳು ಇನ್ನೂ ನನ್ನ ಕಿವಿಯಲ್ಲಿವೆ. ಕುಣಿಗಲ್ಲಿನಲ್ಲಿ, ನನ್ನ ಕಾನ್ವೆಂಟ್ ಗೆಳತಿ ಲೀಲಾಳ ಟೆರೇಸಿನ ಮೇಲೆ, ಊಟಕ್ಕೆ ಮುಂಚೆ ನಾವೆಲ್ಲ ಹೆಂಗಸರು ಟೆಲಿಸ್ಕೋಪಿನ ಮುಂದೆ ಕ್ಯೂ ನಿಂತಿದ್ದೆವು. ದಕ್ಷಿಣದ ಆಕಾಶದಲ್ಲಿ ಒಮೆಗಾ ಸೆಂಟಾರಿ ಇದೆ, ಲಕ್ಷಗಟ್ಟಲೆ ನಕ್ಷತ್ರಗಳು ಸೇರಿದ ಒಂದು ಉಂಡೆ. ಅದನ್ನು ಒಬ್ಬರಿಗಾದರೂ ತೋರಿಸಬೇಕೆಂಬುದು ರಿಟೈರ್ ಆದಾಗಿನಿಂದ ಲೀಲಾಳ ಆಸೆ. ಟೆಲಿಸ್ಕೋಪಿನ ಪಕ್ಕಕ್ಕಿರುವ, ಗುರಿ ನೋಡುವ ಪುಟ್ಟ ಕೊಳವೆಯಲ್ಲಿ ಅದನ್ನು ಹಿಡಿದು ನಮ್ಮನ್ನು ಕರೆದಿದ್ದಳು. ನಾನೂ ಇಣುಕಿದೆ. ಕತ್ತಲಲ್ಲದೆ ಏನೂ ಕಾಣದಿದ್ದರೂ, ಮ್ಯಾನರ್ಸ್ ಬಿಡಲಾರದೆ “ಹೌ ಲವ್ಲೀ” ಎಂದೆ.

ಕೊನೆಗೆ ತಾನೂ ಇಣುಕಿದ ಲೀಲಾ, ಸೀದಾ ಟೆಲಿಸ್ಕೋಪಿನ ಮೂತಿಯ ಹತ್ತಿರ ಹೋಗಿ ಕಪ್ಪು ಮುಚ್ಚಳವನ್ನು ತೆಗೆದಳು.

“ಆನೆಸ್ಟ್ಲಿ, ಮುಚ್ಚಳದ ಒಳ್ಗೆ ನಿಮ್ಗೆಲ್ಲ ಏನ್ರೇ ಕಾಣಿಸ್ತು?” ಎಂದಳು. ಅಳು ಬರುವ ಹಾಗಿತ್ತು ದನಿ.

ಪಕ್ಕದ ಮನೆಯ ರಂಗಮ್ಮ ಮಾತ್ರ ಅಳುಕಲಿಲ್ಲ. “ಅಯ್ಯ, ನನ್ ಮದ್ವೇಲಿ ಐನೋರು ಅರುಂಧತಿ ನಕ್ಷತ್ರ ತೋರ್ಸಿದ್ದು ಮಟಮಟ ಮಧ್ಯಾಹ್ನ ಕಣ್ ಲೀಲಮ್ಮ. ಕಾಣ್ತು ಅಂದೆ. ಸಂಸಾರ ನಡೀಲಿಲ್ವಾ?”

ಲೀಲಾ ನಕ್ಕು ನಕ್ಕು ನೀರಿನ ಟ್ಯಾಂಕಿಗೆ ಒರಗಿದಳು. ರಂಗಮ್ಮ ಮತ್ತೆ ಬಗ್ಗಿ ನೋಡಿದರು. ಈ ಸಲ “ಕಾಣ್ತು” ಅನ್ನಲಿಲ್ಲ. ನಾವೆಷ್ಟು ಕರೆದರೂ ಜಾಗ ಬಿಡಲಿಲ್ಲ.

ಮುಂದಿನ ಬೇಸಿಗೆಗೆ ಲೀಲಾ ಇರಲಿಲ್ಲ. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅಂದೇ. ಕೈಯಲ್ಲಿ ಆ ಮುಚ್ಚಳ ಹಿಡಿದು, ಆಕಾಶ ಬಿಟ್ಟು, ಬಗ್ಗಿದ್ದ ರಂಗಮ್ಮನನ್ನೇ ನೋಡುತ್ತಾ ನಿಂತಿದ್ದಳು.