ಮೂರನೇ ಸಣ್ಣ ಎಲೆ

ಸ್ವಲ್ಪ ನಿಲ್ಲಿ, ಇದನ್ನು ಓದಿಯೇ ಮುಂದಕ್ಕೆ ಹೋಗಿ. ಕಟ್ಟುಕತೆ ಅಲ್ಲ. ಕಳೆದ ವರ್ಷ ಆಟಿ ತಿಂಗಳಲ್ಲಿ, ಆಷಾಢದ ಜಡಿಮಳೆಯ ಹೊತ್ತಿಗೆ, ಮುಂಡಾಜೆಯ ಅಜ್ಜಿ ಮನೆಯಲ್ಲಿ, ನನ್ನ ಕಣ್ಣೆದುರೇ ನಡೆದದ್ದು.

ಅಕ್ಕನ ಮಗ ಪುಟ್ಟ ಆಗ ಹಾಲು ಕುಡಿಯುವ ಕೂಸು. ಹುಟ್ಟಿದಾಗಿನಿಂದ ಭೇದಿ... ನಿಲ್ಲುವುದೇ ಇಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಬಾಯಿಗೆ ಹನಿ ಹಾಲೂ ಕೊಡದೆ ಡ್ರಿಪ್ಪಿನಲ್ಲಿ ಇಟ್ಟಿದ್ದರು. ನಾನು ಡಾಕ್ಟರ್ ಅಲ್ಲ. ವಾರ್ಡಿನ ಬೆಂಚಿನಲ್ಲಿ ನಿದ್ದೆಗೆಟ್ಟು ಮೊಬೈಲಿನಲ್ಲಿ ಓದಿ ಓದಿ ಕಲಿತದ್ದು ಇಷ್ಟೇ: ನಮ್ಮನ್ನು ಕಾಯಬೇಕಾದ ಪ್ರತಿಕಾಯಗಳು ಕೆಲವರಲ್ಲಿ ಸ್ವಂತ ಕರುಳಿನ ಮೇಲೆಯೇ ತಿರುಗಿ ಬೀಳುತ್ತವೆ. ಅಂಥವು ರಕ್ತದಲ್ಲಿ ಕಂಡರೆ ರೋಗದ ಗುರುತು ಸಿಕ್ಕಿದ ಹಾಗೆ. ಪುಟ್ಟನ ರಕ್ತದಲ್ಲಿ ಕಂಡಿದ್ದವು.

"ತಾಯಿ ಕಡೆಯಿಂದ ಗಂಡುಮಕ್ಕಳಿಗೆ ಬರುವ ಕಾಯಿಲೆ ಇರಬಹುದು," ಎಂದರು ಡಾಕ್ಟರ್. "ನಿಮ್ಮಲ್ಲಿ ಗಂಡು ಶಿಶುಗಳು ಹೀಗೆ ತೀರಿಕೊಂಡದ್ದುಂಟಾ?"

ಅಜ್ಜಿ ಅಂದರೆ ನಮ್ಮ ಅಮ್ಮನ ಅಮ್ಮ; ಅವರಿಗೆ ಫೋನ್ ಮಾಡಿ ಕೇಳಿದೆ. "ಯಾರೂ ಇಲ್ಲ" ಎಂದರು.

ಬಟ್ಟೆ ಒಯ್ಯಲು ಊರಿಗೆ ಬಂದ ರಾತ್ರಿ, ತೀರಿಹೋದವರಿಗೆ ಬಡಿಸುವ ದಿನ. ಒಳಕೋಣೆಯಲ್ಲಿ ಬಡಿಸಿ, ಬಾಗಿಲೆಳೆದು, ಎಲ್ಲರೂ ಹೊರಗೆ ಸುಮ್ಮನೆ ಕೂರಬೇಕು. ಮನೆಯಲ್ಲಿ ನಾವಿಬ್ಬರೇ. ಅಜ್ಜನ ದೊಡ್ಡ ಎಲೆಯ ಪಕ್ಕ ಅಜ್ಜಿ ಎರಡು ಸಣ್ಣ ಎಲೆ ಇಟ್ಟು, ಚಮಚದಲ್ಲಿ ಹಾಲು ಹೊಯ್ದರು.

"ಇದು ಯಾರಿಗೆ ಅಜ್ಜಿ?"

"ನನ್ನ ತಮ್ಮಂದಿರಿಗೆ. ಭೇದಿ ಹಿಡಿದು ಹೋದವು."

"ಯಾರೂ ಇಲ್ಲ ಅಂದ್ರಲ್ಲ!"

"ಹೆಸರಿಡುವ ಮೊದಲೇ ಹೋದವನ್ನು ಯಾರು ಲೆಕ್ಕ ಹಿಡೀತಾರೆ ಮಾರಾಯ್ತಿ? ಬಾ, ಬಾಗಿಲು ಹಾಕುವ."

ಹೊರಗೆ ಗೋಡೆಗೆ ಒರಗಿದೆ. ಕಣ್ಣು ಎಳೆಯುತ್ತಿತ್ತು. ಆಗ ವಾರ್ಡಿನ ವಾಸನೆ ಬಂತು... ಹುಳಿ ಹುಳಿ, ಪುಟ್ಟನ ಬಟ್ಟೆಯದ್ದೇ. ಒಳಗಿನಿಂದ ಮೆಲ್ಲಗೆ... ಚಪ್... ಚಪ್... ಕೂಸು ಹಾಲು ಚೀಪುವ ಸದ್ದು.

"ಅಜ್ಜಿ, ಕೇಳ್ತಾ ಉಂಟಾ?"

"ಮಾತಾಡ್ಬೇಡ."

ಬಾಗಿಲು ತೆರೆದೆವು. ಎರಡು ಎಲೆಗಳಲ್ಲಿ ಹಾಲು ಹಾಗೆಯೇ ಇತ್ತು. ಪಕ್ಕದಲ್ಲಿ... ಮೂರನೆಯದೊಂದು ಸಣ್ಣ ಎಲೆ. ನಡುವೆ ಒದ್ದೆ. ಹಾಲಿಲ್ಲ.

"ನೀನಿಟ್ಟದ್ದಾ?" ಅಜ್ಜಿ ನನ್ನ ಕಡೆ ತಿರುಗಿದರು.

"ಇಲ್ಲ, ದೇವರಾಣೆ."

ಅಜ್ಜಿ ಥಟ್ಟನೆ ಆ ಎಲೆಯನ್ನು ಮಗುಚಿ ಹಾಕಿದರು. "ಪುಟ್ಟ ಬದುಕಿ ಇರುವವನು. ಅವನಿಗೆ ಇಲ್ಲಿ ಎಲೆ ಬೇಡ."

ಆಸ್ಪತ್ರೆಯಲ್ಲಿ ಪುಟ್ಟನ ಜೊತೆಗಿದ್ದ ಅಕ್ಕನಿಗೆ ಫೋನ್ ಮಾಡಿದೆ. ದಣಿದ ದನಿಯಲ್ಲಿ ಅಂದಳು, "ಉಸಿರಾಡ್ತಾ ಇದ್ದಾನೆ. ಆದರೆ ಈಗಷ್ಟೆ ನಿದ್ದೆಯಲ್ಲೇ ಹಾಲು ಕುಡಿದ ಹಾಗೆ ತುಟಿ ಆಡಿಸ್ತಾ ಇದ್ದ, ಮಾರಾಯ್ತಿ..."

ಬೆಳಿಗ್ಗೆ ಡಾಕ್ಟರಿಗೆ ಆ ಇಬ್ಬರು ತಮ್ಮಂದಿರ ವಿಷಯ ಹೇಳಿದೆ. ಜೀನ್ ಪರೀಕ್ಷೆಯಲ್ಲಿ ಅದೇ ಕಾಯಿಲೆ ಎಂದು ಖಚಿತವಾಯಿತು. ಔಷಧಿ ಬದಲಿಸಿದರು. ಪುಟ್ಟ ಇದ್ದಾನೆ, ಪೂರ್ತಿ ಗುಣವಾಗಲು ಬೇಕಾದ ಎಲುಬಿನ ಮಜ್ಜೆ ಕೊಡುವವರಿಗಾಗಿ ಇನ್ನೂ ಕಾಯುತ್ತಿದ್ದೇವೆ.

ಮತ್ತೆ ಆಟಿ ಬಂತು. ನಿನ್ನೆ ಅಜ್ಜಿ ಕೇಳಿದರು: "ಸಣ್ಣ ಎಲೆ ಎರಡೇ ಕೊಯ್ಯುವುದಲ್ವಾ?"

ಹೌದು ಎಂದೆ. ಆದರೆ ಈ ಸಲ ಆ ಬಾಗಿಲು ತೆರೆಯುವ ಧೈರ್ಯ ನನಗಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಬಡಿಸಿ ಬಾಗಿಲು ಹಾಕಿದಾಗ ಏನಾದರೂ ಆದದ್ದುಂಟಾ? ದಯವಿಟ್ಟು ಬರೆಯಿರಿ... ನಾನೊಬ್ಬಳೇ ಅಲ್ಲ ಎಂದಾದರೂ ಗೊತ್ತಾಗಲಿ.