ಸೂಜಿಗಿತ್ತಿ

"ಔಷ್ದಿ ಕಾರಿ ಬಂದೀರೇನ್ರೀ? ಹೊಟ್ಟಿ ಸರಿ ಇಲ್ಲೇನು? ಕೂತ್ಕಳ್ರಿ, ಮಜ್ಜಿಗಿ ಕೊಡ್ತೀನಿ."

ಶಿಕಾರಿಪುರದಲ್ಲಿ ನನಗೆ ಬಾಡಿಗೆ ಕೋಣೆ ಕೊಟ್ಟ ಗೌರಮ್ಮ ಮೊದಲ ದಿನ ಆಡಿದ ಮಾತಿದು. ರಾಜ್ಯಗಳಿಗೆ ಭಾಷೆಯ ಗಡಿ ಬಿದ್ದ ಮರುವರ್ಷ ತ್ರಿಶೂರಿನಿಂದ ನರ್ಸ್ ಕೆಲಸಕ್ಕೆ ಬಂದಿದ್ದೆ. ನಮ್ಮ ಮಲೆಯಾಳದಲ್ಲಿ ಹಾಲು ಮಾರುವವಳು ಪಾಲ್‌ಕಾರಿ, ಮೀನು ಮಾರುವವಳು ಮೀನ್‌ಕಾರಿ. ಅದೇ ಧೈರ್ಯದಲ್ಲಿ "ನಾನು ಔಷಧಿಕಾರಿ" ಎಂದಿದ್ದೆ. ಇಲ್ಲಿ ಕಾರುವುದೆಂದರೆ ವಾಂತಿ ಮಾಡುವುದೆಂದು ತಿಳಿದದ್ದು ಮಜ್ಜಿಗೆ ಕುಡಿದ ಮೇಲೆ.

ಅಲ್ಲಿ ಕೆಂಪಕ್ಕಿಯ ಗಂಜಿ, ಇಲ್ಲಿ ಜೋಳದ ರೊಟ್ಟಿ. ಹೊಟ್ಟೆ ಬೇಗ ಒಗ್ಗಿತು, ನಾಲಿಗೆ ಒಗ್ಗಲಿಲ್ಲ. ಸಂಜೆ ಅಕ್ಕಿ ಆರಿಸುತ್ತಾ ಗೌರಮ್ಮ ಹೇಳಿಕೊಡುತ್ತಿದ್ದರು: ಬಡವನದು ಬಡತನ, ಬಾಣಂತಿಯದು ಬಾಣಂತನ. ಹೂ ಮಾರುವವಳು ಹೂವಾಡಗಿತ್ತಿ, ಹೆರಿಗೆ ಮಾಡಿಸುವವಳು ಸೂಲಗಿತ್ತಿ. ಮಾತಿನ ಕೊನೆಗೆ ತುಂಡೊಂದು ಅಂಟಿಸಿದರೆ ಹೊಸ ಮಾತು ಹುಟ್ಟುವುದು ನಮ್ಮಲ್ಲೂ ಇತ್ತು. ತಾಯ್ನುಡಿಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಸಿಕ್ಕಿದ್ದಕ್ಕೆಲ್ಲ ಅಂಟಿಸಿ ನೋಡಿದೆ. "ಜ್ವರತನ" ಎಂದಾಗ ಓಣಿಯೇ ನಕ್ಕಿತು. "ಒಂಟಿತನ" ಎಂದು ಕಟ್ಟಿ, "ಹೀಗೊಂದು ಮಾತು ಆಗಬಹುದಾ?" ಎಂದು ಕೇಳಿದೆ. ಗೌರಮ್ಮ ನಗಲಿಲ್ಲ. ಅಂದಿನಿಂದ ನನ್ನ ಊಟ ಅವರ ಮನೆಯಲ್ಲೇ ಆಯಿತು.

ಮುಂದೆ ಸೊರಬ ತಾಲ್ಲೂಕಿನ ಆನವಟ್ಟಿಗೆ ವರ್ಗವಾಯಿತು. ಒಂದು ಮಧ್ಯಾಹ್ನ ಪಕ್ಕದ ಹಳ್ಳಿಯಿಂದ ಗಾಡಿ ಬಂತು. ಮಗು ಹುಟ್ಟಿದೆ, ತಾಯಿಗೆ ರಕ್ತ ನಿಲ್ಲುತ್ತಿಲ್ಲವೆಂದು ಸೂಲಗಿತ್ತಿ ನಿಂಗವ್ವ ಹೇಳಿ ಕಳಿಸಿದ್ದರು. ಹೋದರೆ ಬಾಣಂತಿಯ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು.

"ಬ್ಯಾಡ್ರೀ. ಸೂಜಿ ಚುಚ್ಚಿದ್ರೆ ಹಾಲು ಬತ್ತತೈತಿ. ಹೆರಿಗಿ ಮಾಡ್ಸಾಕೆ ನಮ್ ಸೂಲಗಿತ್ತಿ ಅದಾಳೆ. ನೀವ್ಯಾರು?"

ನರ್ಸ್ ಎಂದರೆ ಆ ಹೊಸ್ತಿಲು ದಾಟುವಂತಿರಲಿಲ್ಲ. ಒಳಗೆ ಹುಡುಗಿಯ ನರಳಾಟ ಸಣ್ಣಗಾಗುತ್ತಿತ್ತು. ಯೋಚಿಸದೆಯೇ ಬಾಯಿಗೆ ಬಂತು:

"ಅವರು ಸೂಲಗಿತ್ತಿ, ನಾನು ಸೂಜಿಗಿತ್ತಿ. ಇಬ್ಬರೂ ಸೇರಿದ್ರೆ ನಿಮ್ಮ ಸೊಸೆ ಉಳೀತಾಳೆ ಅಮ್ಮಾ."

ಒಳಗಿಂದ ನಿಂಗವ್ವ ಕೂಗಿದರು: "ಬಿಡವ್ವಾ ಒಳಗೆ! ಆಕೀನೂ ನಮ್ ಪೈಕೀನೇ!"

ಅತ್ತೆ ಪಕ್ಕಕ್ಕೆ ಸರಿದರು. ನಾನು ಸೂಜಿ ಹಾಕಿದೆ. ನಿಂಗವ್ವ ಬಿಡದೆ ಹೊಟ್ಟೆ ನೀವಿದರು. ರಕ್ತ ನಿಂತಿತು. ಹುಡುಗಿ ಕಣ್ಣು ಬಿಟ್ಟು ನೀರು ಕೇಳಿದಾಗ ಅತ್ತೆ ನನ್ನ ಕೈ ಹಿಡಿದುಕೊಂಡು ಅತ್ತರು.

ಆಮೇಲೆ ಗುಡವಿಯ ಕಡೆಯಿಂದಲೂ ಹೆಂಗಸರು "ಸೂಜಿಗಿತ್ತಿ ಅದಾರೇನ್ರೀ?" ಎಂದು ಕೇಳಿಕೊಂಡು ಬರತೊಡಗಿದರು. ಒಮ್ಮೆ ಬಸ್ಸಿನಲ್ಲಿ, ಸೊರಬಕ್ಕೆ ಹೊಸದಾಗಿ ಬಂದ ಮೈಸೂರು ಕಡೆಯ ನರ್ಸೊಬ್ಬಳು ನನಗೆ ತಿಳಿಹೇಳಿದಳು: "ಇಲ್ಲಿ ನಮ್ಮನ್ನ ಸೂಜಿಗಿತ್ತಿ ಅಂತಾರೆ ಕಣ್ರೀ. ಬಹಳ ಹಳೇ ಕನ್ನಡ ಮಾತಂತೆ."

"ಹೌದಾ?" ಎಂದು ಕಿಟಕಿಯ ಕಡೆ ತಿರುಗಿ ಕುಳಿತೆ, ನಗು ಅವಳಿಗೆ ಕಾಣದಿರಲೆಂದು. ಬಿರುದು ಕೊಟ್ಟಿದ್ದರೂ ಅಷ್ಟು ಹೆಮ್ಮೆಯಾಗುತ್ತಿರಲಿಲ್ಲ. ನಾನು ಕಟ್ಟಿದ ಮಾತಿಗೆ ಈಗ ನನ್ನ ಹಂಗಿರಲಿಲ್ಲ.

ರಜೆಯಲ್ಲಿ ತ್ರಿಶೂರಿಗೆ ಹೋದಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳು ಆ ಮಾತನ್ನು ತೊದಲುತ್ತಾ ಹಲವು ಸಲ ಆಡಿ ನೋಡಿ, "ನಮ್ಮ ಭಾಷೆಯಲ್ಲಿ ಇದಕ್ಕೆ ಏನನ್ನಬೇಕು?" ಎಂದು ಕೇಳಿದಳು. ಬಹಳ ಹೊತ್ತು ಯೋಚಿಸಿದೆ. ಯೋಚಿಸುತ್ತಿದ್ದುದು ಕನ್ನಡದಲ್ಲಿ ಎಂದು ನನಗೆ ತಡವಾಗಿ ಹೊಳೆಯಿತು. ಅಮ್ಮ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು.